ಕುತ್ತಿಗೆಯ ಅಳತೆ

ಜನವರಿ ೯

ಪ್ರೀತಿಯ ತಮ್ಮನಿಗೆ,

ನಿನಗೆ ಕಾಗದ ಬರೆಯಬಹುದು ಎಂದು ಡಾಕ್ಟರಮ್ಮ ನಿನ್ನೆ ಹೇಳಿದರು. ನೋಡಲು ಬರುವುದು ಸದ್ಯಕ್ಕೆ ಬೇಡವಂತೆ, ಅವನಾಗಿಯೇ ಕೇಳಲಿ ಎಂದರು. ನಾನು ಸರಿ ಎಂದು ತಲೆಯಾಡಿಸಿ ಬಂದೆ. ಎದುರು ಮಾತಾಡದೆ ಬಂದೆ ಎಂದರೆ ನಿನ್ನ ಭಾವ ಇನ್ನೂ ನಂಬುತ್ತಿಲ್ಲ.

ಆ ದಿನದ ಮಾತು ಎತ್ತಬಾರದು ಅಂದುಕೊಂಡೇ ಬರೆಯಲು ಕೂತೆ. ಎತ್ತದಿದ್ದರೆ ಕಾಗದದ ತುಂಬ ಅದೇ ಕೂತಿರುತ್ತದೆ, ಅದಕ್ಕೇ ಒಮ್ಮೆ ಹೇಳಿ ಮುಗಿಸಿಬಿಡುತ್ತೇನೆ. ಶಾಲೆಯ ಸಮವಸ್ತ್ರಗಳಿಗೆ ಇಸ್ತ್ರಿಯಾಗಿತ್ತು, ಕಟ್ಟು ಕಟ್ಟುವುದಷ್ಟೇ ಬಾಕಿ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ನೀನು ಕತ್ತರಿ ಮೇಜಿನ ಮೇಲೆ ಅವನ್ನು ಹರಡಿಕೊಂಡು ಒಂದೊಂದರ ಕಾಲರ್ ಬಿಚ್ಚುತ್ತಿದ್ದೆ. ಅಂಗಡಿಯಲ್ಲಿ ಕಾಲರ್ ಹೊಲಿಯುವವಳು ನಾನೊಬ್ಬಳೇ. ಅದರೊಳಗೆ ನಿನ್ನ ಮನಸ್ಸಿನ ಮಾತು ಕದ್ದು ಕೇಳುವಂಥದ್ದು ಏನನ್ನೋ ನಾನು ಇಟ್ಟಿದ್ದೇನೆ ಎಂದು ನೀನು ಹೇಳಿದೆ. ನನಗೆ ಎಂಥ ಸಿಟ್ಟು ಬಂತೆಂದರೆ, ಉಳಿದ ಕಾಲರ್‌ಗಳನ್ನೆಲ್ಲ ನಿನ್ನ ಕಣ್ಣೆದುರೇ ಬಿಚ್ಚಿ, ಒಳಗಿನ ಕ್ಯಾನ್ವಾಸ್ ಎಳೆದೆಳೆದು ತೋರಿಸಿದೆ. "ನೋಡು, ಏನಿದೆ ಇದ್ರಲ್ಲಿ? ತೋರ್ಸು!" ಎಂದು ಕೂಗಿದೆ. ನೀನು ಬಿಳಿಚಿಕೊಂಡು ಗೋಡೆಗೆ ಒರಗಿ, "ಮೊದ್ಲೇ ತೆಗ್ದಿಟ್ಟಿದೀಯಲ್ಲ ಅಕ್ಕಾ" ಅಂದೆ.

ಡಾಕ್ಟರಮ್ಮ ಇದನ್ನು ಕೇಳಿ ನಗಲಿಲ್ಲ, ಬೈಯಲೂ ಇಲ್ಲ. "ಎಲ್ರೂ ಮೊದಲು ಅದನ್ನೇ ಮಾಡ್ತಾರೆ. ಅವ್ರಿಗೆ ಅದು ಊಹೆ ಅಲ್ಲ, ಈ ಮೇಜು ಎಷ್ಟು ನಿಜಾನೋ ಅಷ್ಟೇ ನಿಜ. ನೀವು ವಾದ ಮಾಡ್ಬೇಡಿ. ಹಾಗಂತ ಹೌದು ಹೌದು ಅಂತ ಒಪ್ಕೊಳ್ಳೋದೂ ಬೇಡ. ಭಯ ಆಗಿದೆಯಾ ಅಂತ ಕೇಳಿ, ಸಾಕು" ಅಂದರು. ನಾನು ಅವತ್ತು ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿದ್ದೆ.

ಜೊತೆಗೆ ಒಂದು ಅಂಗಿ ಕಳಿಸಿದ್ದೇನೆ. ತಿಳಿನೀಲಿ, ನಿನಗೆ ಹಿಡಿಸುವ ಹತ್ತಿ ಬಟ್ಟೆ. ಕಾಲರ್ ಇಡಲಿಲ್ಲ. ಅದು ಒಪ್ಪಿಕೊಂಡ ಹಾಗಾಯಿತೋ ಏನೋ ನನಗೆ ಗೊತ್ತಿಲ್ಲ, ಡಾಕ್ಟರಮ್ಮನನ್ನು ಕೇಳುವ ಧೈರ್ಯವೂ ಬರಲಿಲ್ಲ. ಅಳತೆಗೆ ಚೀಟಿ ನೋಡಬೇಕಾಗಲಿಲ್ಲ. ನಿನ್ನ ಅಳತೆ ನನಗೆ ಬಾಯಿಪಾಠ.

ನಿನಗೆ ಭಯ ಆಗಿದೆಯಾ?

ನಿನ್ನ ಅಕ್ಕ


ಜನವರಿ ೨೭

ಅಕ್ಕನಿಗೆ,

ಕಾಗದ, ಅಂಗಿ ಎರಡೂ ಬಂದವು.

ಫೋನ್ ಮಾಡುತ್ತಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಫೋನ್ ಕಿವಿಗಿಟ್ಟರೆ ಆ ದನಿ ನಿನ್ನದೋ, ಉಳಿದವರದೋ ಎಂದು ವಿಂಗಡಿಸುತ್ತಾ ಕೂರಬೇಕಾಗುತ್ತದೆ. ಸುಸ್ತಾಗುತ್ತದೆ. ಕಾಗದದಲ್ಲಿ ನಿನ್ನ ಕೋಳಿಕಾಲು ಅಕ್ಷರ ಕಾಣುತ್ತದೆ. ಹಾಗೆ ಬರೆಯಲು ಬೇರೆ ಯಾರಿಗೂ ಬರುವುದಿಲ್ಲ.

ಉಳಿದವರು ಎಂದರೆ ನನಗೆ ಕೇಳಿಸುವವರು. ಒಬ್ಬ ಗಂಡಸು, ಒಬ್ಬ ಹೆಂಗಸು. ನನ್ನ ಜೊತೆ ಅಲ್ಲ, ನನ್ನ ಬಗ್ಗೆ ಅವರವರೇ ಮಾತಾಡಿಕೊಳ್ಳುತ್ತಾರೆ. "ಈಗ ಕತ್ತರಿ ತಗೊಂಡ. ಈಗ ತಪ್ಪು ಮಾಡ್ತಾನೆ ನೋಡು." ವರ್ಷದ ಮೇಲಾಯಿತು. ನಾನು ಹೇಳಿರಲಿಲ್ಲ. ನಿನಗೂ ಕೇಳಿಸುತ್ತಿದೆ, ನೀನು ಸುಮ್ಮನಿದ್ದೀಯ ಅಂದುಕೊಂಡಿದ್ದೆ.

ಆಸ್ಪತ್ರೆಯಿಂದ ಕಳಿಸಿದ ಈ ಆರೈಕೆ ಮನೆಯಲ್ಲಿ ಕೋಣೆಗೆ ಇಬ್ಬರು. ನನ್ನ ಜೊತೆ ಇರುವವನು ಹಿಂದೆ ಬಸ್ ಕಂಡಕ್ಟರ್ ಆಗಿದ್ದ, ಎಲ್ಲರೂ ಅವನನ್ನು ಹಾಗೇ ಕರೆಯುತ್ತಾರೆ. ಊಟದ ಕೋಣೆಯ ಬಾಗಿಲಲ್ಲಿ ನಿಂತು "ಇಳಿಯೋರು ಇಳೀರಿ, ಹತ್ತೋರು ಹತ್ತಿ" ಎನ್ನುತ್ತಾನೆ. ಅವನಿಗೂ ಇದೇ ಕಾಯಿಲೆ, ನನಗಿಂತ ಹಳಬ. ಕಾಯಿಲೆಯ ಹೆಸರು ಹೇಳಲು ಅವನಿಗೆ ಸಂಕೋಚವಿಲ್ಲ. ನನಗೆ ಇನ್ನೂ ನಾಲಿಗೆ ತಿರುಗುವುದಿಲ್ಲ.

ಅಂಗಿ ಚೆನ್ನಾಗಿದೆ. ಗುಂಡಿ ಹಾಕಲು ಆಗುವುದಿಲ್ಲ. ಮಾತ್ರೆ ತೆಗೆದುಕೊಂಡರೆ ಹಸಿವು ಜಾಸ್ತಿ. ಹೊಟ್ಟೆ ಬಂದಿದೆ, ಎದೆಯೂ ಅಗಲವಾಗಿದೆ. ನಿನ್ನ ಬಾಯಿಪಾಠ ಹಳೇ ತಮ್ಮನದು.

ಹೌದು, ಭಯ ಆಗಿತ್ತು. ಕಾಲರ್ ಮಾತು ಈಗ ಬೇಡ.

ತಮ್ಮ


ಫೆಬ್ರವರಿ ೪

ತಮ್ಮಾ,

ನನ್ನ ಅಳತೆ ತಪ್ಪಿತು ಎಂದು ನಿನ್ನ ಭಾವನ ಮುಂದೆ ಓದಬಾರದಿತ್ತು. ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಎದುರಿಗೆ ಇರೋ ಗಿರಾಕಿಗೂ ಟೇಪ್ ಹಿಡಿಯದೆ ಕಣ್ಣಲ್ಲೇ ಅಳೀತೀನಿ ಅನ್ನೋಳು, ಈಗ ನೋಡು" ಎಂದು ಆಮೇಲೂ ಬಿಡಲಿಲ್ಲ. ನಕ್ಕು ಮುಗಿಸಿ ಹಿತ್ತಲಿಗೆ ಹೋಗಿ ತುಂಬ ಹೊತ್ತು ಬರಲಿಲ್ಲ. ನಾನು ಕರೆಯಲು ಹೋಗಲಿಲ್ಲ.

ಮನೆಯವರಿಗೆಂದು ಆಸ್ಪತ್ರೆಯಲ್ಲಿ ಸಭೆ ಮಾಡುತ್ತಾರೆ, ನಾವಿಬ್ಬರೂ ಹೋಗಿದ್ದೆವು. ನಿನ್ನ ನಾಲಿಗೆ ತಿರುಗದ ಹೆಸರನ್ನು ಡಾಕ್ಟರಮ್ಮ ಹಲಗೆಯ ಮೇಲೆ ದೊಡ್ಡದಾಗಿ ಬರೆದರು: ಸ್ಕಿಜೋಫ್ರೇನಿಯಾ. ನಿನ್ನ ಭಾವ ಕೈಯೆತ್ತಿ, "ಒಬ್ಬರೇ ಇಬ್ಬರಾಗಿಬಿಡ್ತಾರಂತಲ್ಲ, ಅದೇನಾ ಮೇಡಂ?" ಎಂದು ಕೇಳಿದರು. ನಾನು ಮೊಣಕೈಯಲ್ಲಿ ತಿವಿದೆ. ಡಾಕ್ಟರಮ್ಮ, "ಒಳ್ಳೇದಾಯ್ತು ಕೇಳಿದ್ದು. ಅಲ್ಲ. ಅವ್ರು ಒಬ್ಬರೇ. ಇಲ್ಲದೇ ಇರೋ ದನಿ ಕೇಳ್ಸುತ್ತೆ, ಆಗದೇ ಇರೋದು ಆಗ್ತಿದೆ ಅಂತ ಗಟ್ಟಿಯಾಗಿ ಅನ್ಸುತ್ತೆ. ಕೆಲವ್ರು ಮಾತು ಕಡಿಮೆ ಮಾಡ್ತಾರೆ, ಸ್ನಾನ ಬಿಡ್ತಾರೆ, ನಾವು ಸೋಮಾರಿತನ ಅಂತೀವಿ" ಅಂದರು. ನೀನು ವಾರಗಟ್ಟಲೆ ಅದೇ ಅಂಗಿಯಲ್ಲಿ ಇದ್ದಾಗ ನಾನು ಏನೆಲ್ಲ ಅಂದಿದ್ದೆ ಎಂದು ನೆನಪಾಗಿ ಕುರ್ಚಿಯಲ್ಲೇ ಮುದುಡಿಕೊಂಡೆ.

ನಾನೂ ಒಂದು ಕೇಳಿದೆ. ಅಪ್ಪ ಬೇಗ ಹೋದರು, ಅಂಗಡಿಯ ಹೊರೆಯೆಲ್ಲ ಇವನ ತಲೆಗೆ ಬಿತ್ತು, ಅದರಿಂದ ಬಂತಾ ಎಂದು. ಯಾರೋ ಏನೋ ಮಾಡಿ ಬರಿಸಿದ ಕಾಯಿಲೆ ಅಲ್ಲ, ಸಾಕಿದ ರೀತಿಯಿಂದ ಬರುವುದೂ ಅಲ್ಲ, ಮೆದುಳಿನ ಕೆಲಸದಲ್ಲಿ ಆಗುವ ಏರುಪೇರು ಎಂದರು. ಕೆಲವರ ಮೈಯಲ್ಲಿ ಅದಕ್ಕೆ ಜಾಗ ಮೊದಲೇ ಇರುತ್ತದಂತೆ, ಮೇಲಿನ ಒತ್ತಡ ಅದನ್ನು ಮುಂದಕ್ಕೆ ತಳ್ಳಬಹುದಂತೆ. ಮಾತ್ರೆ, ಮಾತುಕತೆ, ಕೆಲಸ, ಮನೆಯವರ ತಾಳ್ಮೆ, ಎಲ್ಲವೂ ಸೇರಿದರೆ ಬಹಳ ಜನ ಚೆನ್ನಾಗಿ ಬಾಳುತ್ತಾರಂತೆ. ತಾಳ್ಮೆ ಎಂದಾಗ ನಿನ್ನ ಭಾವ ನನ್ನ ಮುಖ ನೋಡಿದರು.

ನೀನು ಬರುವವರೆಗೆ ಎಂದು ಅಂಗಡಿಗೆ ಹೊಸ ಕಟಿಂಗ್ ಮಾಸ್ಟರ್ ಬಂದಿದ್ದಾರೆ. ಅವರು ಕತ್ತರಿಸಿದ ತೋಳಿಗೆ ಬಾಯಿ ಹೊಲಿದರೆ ದಿಂಬಿನ ಚೀಲ. ಕುತ್ತಿಗೆ ಅಳೆಯುವಾಗ ಟೇಪನ್ನು ಬಿಗಿಯಾಗಿ ಎಳೆದುಬಿಡುತ್ತಾರೆ, ಗಿರಾಕಿಗಳು ಕೆಮ್ಮುತ್ತಾರೆ. ಟೇಪಿನೊಳಗೆ ಎರಡು ಬೆರಳು ಇಟ್ಟು ಅಳೆಯಬೇಕು, ಉಸಿರಿಗೆ ಜಾಗ ಇರಬೇಕು ಎಂದು ಅಪ್ಪ ನಮ್ಮಿಬ್ಬರಿಗೂ ಹೇಳಿಕೊಟ್ಟಿದ್ದರಲ್ಲ, ಅದನ್ನು ಹೇಳಿದೆ. "ನಮ್ಮ ಕಡೆ ಹಿಂಗೇ" ಅಂದರು. ಅವರ ಕಡೆ ಯಾರೂ ಉಸಿರಾಡುವುದಿಲ್ಲವೇನೋ.

ನನಗೆ ನಿನ್ನನ್ನು ನೋಡಬೇಕು ಅನ್ನಿಸುತ್ತದೆ. ಬರೆದೆ ಅಷ್ಟೇ, ಅವಸರವಿಲ್ಲ.

ಅಕ್ಕ


ಮಾರ್ಚ್ ೨

ಅಕ್ಕಾ,

ಮೂರು ಸಲ ಬರೆದು ಹರಿದೆ, ಇದು ನಾಲ್ಕನೆಯದು. ಅಕ್ಷರ ಯಾಕೆ ಹೀಗಿದೆ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ಕೈ ನಡುಗುತ್ತದೆ. ಮಾತ್ರೆಯಿಂದಂತೆ.

ದನಿಗಳು ಕಡಿಮೆಯಾಗಿವೆ. ಪಕ್ಕದ ಮನೆಯಲ್ಲಿ ಜಗಳವಾದರೆ ಗೋಡೆಯಾಚೆಯಿಂದ ಕೇಳುತ್ತದಲ್ಲ, ಹಾಗೆ. ಎದ್ದು ಹೋಗಿ ಉತ್ತರ ಕೊಡಬೇಕಾಗಿಲ್ಲ. ಇಲ್ಲಿ ಮಾತಾಡಿಸಲು ಬರುವವರೊಬ್ಬರು ಅವು ಜೋರಾದಾಗ ಬಾಯಿಬಿಟ್ಟು ಏನಾದರೂ ಓದಲು ಹೇಳಿಕೊಟ್ಟಿದ್ದಾರೆ. ನಾನು ಹಳೇ ಪೇಪರಿನ ಜಾಹೀರಾತು ಓದುತ್ತೇನೆ. ಕಂಡಕ್ಟರನಿಗೆ ಈಗ ಎಲ್ಲ ಸಾಬೂನುಗಳ ಗುಣವೂ ಗೊತ್ತು.

ಮಧ್ಯಾಹ್ನ ಕೆಲಸದ ಕೋಣೆಯಲ್ಲಿ ಕಾಗದದ ಚೀಲ ಮಾಡುತ್ತೇವೆ. ನಿನ್ನೆ ಅಲ್ಲಿದ್ದ ಕತ್ತರಿಯಲ್ಲಿ ಪೇಪರಿನ ಮೇಲೆ ತೋಳು ಕೂಡಿಸುವ ಕಂಕುಳ ತಿರುವೊಂದನ್ನು ಕತ್ತರಿಸಿ ನೋಡಿದೆ. ಕಣ್ಣು ಮುಚ್ಚಿ ಕತ್ತರಿಸುತ್ತಿದ್ದೆ ಹಿಂದೆಲ್ಲ. ಇಲಿ ಕಡಿದ ಹಾಗೆ ಬಂತು. ಯಾರೂ ನೋಡುವ ಮೊದಲೇ ಮುದುರಿ ಜೇಬಿಗೆ ಹಾಕಿಕೊಂಡೆ.

ಕಿವಿ ಬೇಕೋ ಕೈ ಬೇಕೋ ಎಂದು ಯೋಚಿಸುತ್ತಿದ್ದೇನೆ. ದನಿಗಳ ಜೊತೆಗೂ ನಾನು ನೆಟ್ಟಗೆ ಕತ್ತರಿಸುತ್ತಿದ್ದೆ. ಕತ್ತರಿ ಇಲ್ಲದಿದ್ದರೆ ನಾನು ಅಂಗಡಿಗೆ ಬಂದು ಏನು ಮಾಡಲಿ, ಭಾವನ ಜೊತೆ ಇಸ್ತ್ರಿ ಪೆಟ್ಟಿಗೆ ಹಂಚಿಕೊಳ್ಳಲೇ?

ತಮ್ಮ


ಮಾರ್ಚ್ ೧೦

ತಮ್ಮಾ,

ನಿನ್ನ ಕಾಗದದ ಕೊನೆಯ ಸಾಲುಗಳನ್ನು ಎಷ್ಟು ಸಲ ಓದಿದೆನೋ. ನನಗೆ ಹೆದರಿಕೆಯಾಗಿದೆ.

ಮಾತ್ರೆ ಬಿಡಬೇಡ ಎಂದು ಬೇರೆ ಯಾರ ಅಕ್ಕನಾದರೂ ಬರೆಯುತ್ತಿದ್ದಳು. ನಾನು ಬರೆದರೆ, ಅಕ್ಕ ಯಾಕೆ ಇಷ್ಟು ಒತ್ತಾಯ ಮಾಡುತ್ತಾಳೆ ಎಂದು ನೀನು ಯೋಚಿಸಬಹುದು. ಯೋಚಿಸಿದರೆ ಅದು ನಿನ್ನ ತಪ್ಪಲ್ಲ, ಅದೂ ಗೊತ್ತು. ಹಾಗಾಗಿ ನನ್ನ ಮಾತು ಬಿಡು. ಕೈ ನಡುಗುವುದನ್ನು ಡಾಕ್ಟರಮ್ಮನಿಗೆ ಹೇಳು. ನನಗೆ ಬರೆದದ್ದನ್ನೇ ಅವರಿಗೂ ಹೇಳು, ಅಷ್ಟು ಸಾಕು.

ನಿನ್ನ ಕತ್ತರಿಯನ್ನು ಹೊಸ ಮಾಸ್ಟರಿಗೆ ಕೊಟ್ಟಿಲ್ಲ. ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ, ಕಪಾಟಿನಲ್ಲಿಟ್ಟಿದ್ದೇನೆ. ಅವರು ಎರಡು ಸಲ ಕೇಳಿದರು. ಎರಡು ಸಲವೂ ಬೀಗದ ಕೈ ಎಲ್ಲಿದೆಯೋ ಅಂದೆ. ನನ್ನ ಸೊಂಟದಲ್ಲೇ ಇತ್ತು.

ಅಕ್ಕ


ಏಪ್ರಿಲ್ ೫

ತಮ್ಮಾ,

ನಿನ್ನಿಂದ ಕಾಗದವಿಲ್ಲ. ಬರೆಯಲು ಬೇಜಾರಾದರೆ ಬರೀ ಹೆಸರು ಹಾಕಿ ಕಳಿಸು.

ಗುಂಡಿ ತೂತಿಗೆ ಕಾಜಾ ಹೊಲಿಯುವ ಮಿಷನ್ನು ಕೆಟ್ಟಿದೆ, ಕೈಯಲ್ಲೇ ಹಾಕುತ್ತಿದ್ದೇನೆ. ಬಿಸಿಲು ಜಾಸ್ತಿ. ಎಲ್ಲರೂ ಚೆನ್ನಾಗಿದ್ದೇವೆ.

ಅಕ್ಕ


ಏಪ್ರಿಲ್ ೨೬

ತಮ್ಮಾ,

ಡಾಕ್ಟರಮ್ಮ ಫೋನ್ ಮಾಡಿ ಹೇಳಿದರು. ಪೂರ್ತಿ ಹೇಳಲಿಲ್ಲ, ಮಿಕ್ಕಿದ್ದು ಅವನೇ ಹೇಳುವುದಾದರೆ ಹೇಳಲಿ ಎಂದರು. ನಾನು ಒತ್ತಾಯ ಮಾಡಲಿಲ್ಲ. ಫೋನ್ ಇಟ್ಟ ಮೇಲೆ ಅತ್ತೆ. ಇದನ್ನು ನಿನ್ನಿಂದ ಮುಚ್ಚಿಡುವುದೇನಿದೆ.

ಆಮೇಲೆ ಕೂತು ಕಾಲರ್ ಹೊಲಿದೆ. ಕೆಲಸ ಇತ್ತು.

ನೀನು ಈ ಕಾಗದ ತೆರೆಯದಿದ್ದರೂ ಪರವಾಗಿಲ್ಲ. ದಿಂಬಿನ ಕೆಳಗೆ ಇಡುವುದೂ ಬೇಡ, ಕಂಡಕ್ಟರ್ ಹತ್ತಿರ ಕೊಟ್ಟಿಡು. ನಿನಗೆ ಯಾವಾಗ ಬೇಕೋ ಆಗ ಕೇಳಿ ತೆಗೆದುಕೊ.

ನಾನು ಇಲ್ಲೇ ಇರುತ್ತೇನೆ.

ಅಕ್ಕ


ಮೇ ೨೧

ಪ್ರೀತಿಯ ಅಕ್ಕಾ,

ನಿನ್ನ ಕಾಗದಗಳನ್ನು ಕಂಡಕ್ಟರ್ ಇವತ್ತು ಬೆಳಿಗ್ಗೆ ಕೊಟ್ಟ. "ನಿಮ್ದು ಮೂರು ಲಗೇಜ್ ಉಳ್ಕೊಂಡಿದೆ" ಎಂದು ಕೊಟ್ಟ. ಮಾರ್ಚಿನದ್ದೂ ಅದರಲ್ಲಿತ್ತು. ಅದು ಬಂದ ದಿನ ನಾನು ಮುಟ್ಟಿರಲಿಲ್ಲ.

ನಡೆದದ್ದು ಇಷ್ಟು. ನಿನಗೆ ಬರೆದ ಮಾರನೇ ದಿನದಿಂದ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು, ಆಮೇಲೆ ಜಗಲಿಯ ಹೂಕುಂಡದಲ್ಲಿ ಹೂಳುತ್ತಿದ್ದೆ. ಮೊದಮೊದಲು ಹಬ್ಬದೂಟ ಉಂಡ ಹಾಗಿತ್ತು. ಕೈ ನಡುಕ ನಿಂತಿತು. ಪೇಪರಿನಲ್ಲಿ ಒಂದು ಪೂರ್ತಿ ಅಂಗಿ ಕತ್ತರಿಸಿದೆ, ಕಂಡಕ್ಟರ್ ಅದನ್ನು ಎದೆಗೆ ಹಿಡಿದುಕೊಂಡು ಕನ್ನಡಿ ನೋಡಿಕೊಂಡ. ಆಮೇಲೆ ಆ ಇಬ್ಬರೂ ಗೋಡೆ ದಾಟಿ ಈಚೆ ಬಂದರು. ಕತ್ತರಿಯ ಮಾತು ಬಿಟ್ಟು ನಿನ್ನ ಮಾತು ಶುರು ಮಾಡಿದರು. ಏಪ್ರಿಲ್‌ನಲ್ಲಿ ನಿನ್ನ ಮುಂದಿನ ಕಾಗದ ಬಂದಾಗ ನಾನು ಲಕೋಟೆಯ ಅಂಟು ಬಿಡಿಸಿ, ಮಡಿಕೆಯೊಳಗೆ ಏನಿದೆ ಎಂದು ಹುಡುಕುತ್ತಿದ್ದೆನಂತೆ. ಒಳಗಿನ ಕಾಗದವನ್ನು ಹೊರಗೆ ತೆಗೆಯಲೂ ಇಲ್ಲ. ಕಂಡಕ್ಟರ್ ಅದನ್ನು ನೋಡಿ ಹೋಗಿ ಸಿಸ್ಟರಿಗೆ ಹೇಳಿದ. ನಾನು ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವನು, "ಬೈಯಿರಿ, ನಾನೂ ಹಿಂದೆ ಹೀಗೇ ಕುಂಡಕ್ಕೆ ಹಾಕ್ತಿದ್ದೆ. ಗಿಡ ಚೆನ್ನಾಗಿ ಬಂತು, ನಾನು ಬರ್ಲಿಲ್ಲ" ಅಂದ.

ಮತ್ತೆ ಆಸ್ಪತ್ರೆಗೆ ಹೋಗಿ ಬಂದೆ. ಡಾಕ್ಟರಮ್ಮ ಕೇಳಿದ್ದು ಒಂದೇ: "ಕೈ ನಡುಗುತ್ತೆ ಅಂತ ನನ್ಗ್ಯಾಕೆ ಹೇಳ್ಲಿಲ್ಲ?" ಹೇಳಿದರೆ ಕತ್ತರಿ ಮುಟ್ಟಬೇಡ ಅನ್ನುತ್ತೀರೆಂದು ಹೆದರಿದೆ ಅಂದೆ. "ಇರೋದು ಒಂದೇ ಔಷಧಿ ಅಲ್ಲ ಕಣಪ್ಪ. ಒಂದು ಒಗ್ಗದಿದ್ರೆ ಇನ್ನೊಂದು ನೋಡೋಣ. ನೀನು ಹೇಳ್ದಿದ್ರೆ ನನಗೆ ಹೇಗೆ ಗೊತ್ತಾಗ್ಬೇಕು?" ಅಂದರು. ಈಗ ಬೇರೆ ಔಷಧಿ, ತಿಂಗಳಿಗೊಮ್ಮೆ ಸೂಜಿ. ದಿನವೂ ಮಾತ್ರೆಯ ಜೊತೆ ಗುದ್ದಾಡಬೇಕಾಗಿಲ್ಲ. ನಡುಕ ಪೂರ್ತಿ ನಿಂತಿಲ್ಲ, ಆದರೆ ನೋಡು, ಒಂದೇ ಸಲಕ್ಕೆ ಬರೆದಿದ್ದೇನೆ.

ಕಾಲರ್ ಮಾತು ಈಗ ನಾನೇ ಎತ್ತುತ್ತೇನೆ. ನೀನು ಏನೂ ಇಟ್ಟಿರಲಿಲ್ಲ. ಅದು ನನಗೆ ಈಗ ಗೊತ್ತು. ಆದರೆ ಆ ಭಯ ಒಂದು ದಿನ ಬೆಳಗಾಗೆದ್ದು ಹೋಗಿಬಿಡುವುದಿಲ್ಲ ಅಕ್ಕ. ಕಚ್ಚಾ ಹೊಲಿಗೆ ಬಿಚ್ಚಿದ ಮೇಲೂ ಬಟ್ಟೆಯಲ್ಲಿ ಸೂಜಿಯ ತೂತು ಸ್ವಲ್ಪ ದಿನ ಉಳಿಯುತ್ತದಲ್ಲ. ನನಗೆ ಗೊತ್ತಿದೆ, ನನ್ನ ಕುತ್ತಿಗೆಗೆ ಗೊತ್ತಿಲ್ಲ. ಅಲ್ಲಿ ಏನು ತಾಗಿದರೂ ಮೈ ಜುಮ್ಮೆನ್ನುತ್ತದೆ. ಕ್ಷೌರದವನು ಬಂದರೂ ನಾನು ಟವಲ್ ಕಟ್ಟಿಸಿಕೊಳ್ಳುವುದಿಲ್ಲ, ಕೂದಲೆಲ್ಲ ಬೆನ್ನೊಳಗೆ.

ನಿನ್ನನ್ನು ಕಂಡು ಹೆದರಿದ್ದೆನಲ್ಲ, ಅದಕ್ಕೆ ತುಂಬಾ ದುಃಖವಾಗುತ್ತದೆ.

ನಿನ್ನ ತಮ್ಮ


ಜೂನ್ ೨

ನನ್ನ ತಮ್ಮನಿಗೆ,

ದುಃಖ ಸಾಕು. ನನ್ನನ್ನು ಕಂಡು ಹೆದರದವರು ಈ ಬೀದಿಯಲ್ಲಿ ಯಾರಿದ್ದಾರೆ, ನಿನ್ನ ಭಾವನನ್ನೇ ಕೇಳು. ಈ ಮಾತು ಅವರೇ ಬರೆಸಿದ್ದು.

ನಿನ್ನ ಕಾಗದವನ್ನು ಓದಿ ಮಡಿಸಿ, ಮತ್ತೆ ಓದಿ, ಕೊನೆಗೆ ಮಿಷನ್ನಿನ ಖಾನೆಯಲ್ಲಿಟ್ಟೆ. ನನಗೆ ಎಷ್ಟು ಹಗುರವಾಯಿತು ಎಂದು ಬರೆಯಲು ಬರುವುದಿಲ್ಲ.

ಹೊಸ ಮಾಸ್ಟರ್ ಕೆಲಸ ಬಿಟ್ಟರು. ನಾನು ಬಿಡಿಸಲಿಲ್ಲ, ನಂಬು. ಗಿರಾಕಿಯೊಬ್ಬರು ಕುತ್ತಿಗೆ ಹಿಡಿದುಕೊಂಡು ಎದ್ದು ಹೋದರು, ಅವರ ಹಿಂದೆ ಇವರೂ ಹೋದರು. ಸದ್ಯಕ್ಕೆ ನಾನೇ ಕತ್ತರಿಸುತ್ತಿದ್ದೇನೆ. ಅವಸರವಿಲ್ಲ ಎಂದು ಮೊದಲೇ ಬರೆದಿದ್ದೆ, ಈಗಲೂ ಅದೇ. ನೀನು ಅಂಗಡಿಗೆ ಬರಬಹುದೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ಒಮ್ಮೆಗೇ ದಿನಪೂರ್ತಿ ಬೇಡ, ಬೆಳಗಿನ ಹೊತ್ತು ಸ್ವಲ್ಪ ಕೂರಲಿ, ಸಾಕೆನಿಸಿದಾಗ ಏಳಲಿ ಎಂದರು. ಕತ್ತರಿಯೇ ಹಿಡಿಯಬೇಕೆಂದಿಲ್ಲ. ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೊಡು, ನಾನು ಕತ್ತರಿಸುತ್ತೇನೆ. ಗೆರೆ ನಡುಗಿದರೆ ಒರೆಸಿ ಮತ್ತೆ ಎಳೆ. ಬಟ್ಟೆಗೆ ಏನೂ ಆಗುವುದಿಲ್ಲ.

ಅದಕ್ಕೆ ಮೊದಲು ಒಂದು ಅಂಗಿ ಹೊಲಿಯಬೇಕು, ಹೋದ ಸಲದ ಅವಮಾನ ಇನ್ನೂ ಹಾಗೇ ಇದೆ. ಬಾಯಿಪಾಠ ಬಿಟ್ಟಿದ್ದೇನೆ. ಟೇಪ್ ಕಳಿಸಿದ್ದೇನೆ, ನಿನ್ನ ಅಳತೆ ತೆಗೆಸಿ ಬರೆದು ಕಳಿಸು. ಕಾಲರ್ ಇಡಲೋ ಬೇಡವೋ ಅದೂ ನೀನೇ ಹೇಳು. ಎರಡೂ ನನಗೆ ಒಂದೇ.

ನಿನ್ನ ಅಕ್ಕ


ಜೂನ್ ೧೮

ಪ್ರೀತಿಯ ಅಕ್ಕಾ,

ಟೇಪ್ ಬಂತು. ಕಂಡಕ್ಟರನನ್ನು ಕುರ್ಚಿಯ ಮೇಲೆ ಹತ್ತಿಸಿ ಅಳತೆ ತೆಗೆಸಿದೆ. ಅವನಿಗೆ ಇಂಚು ಯಾವುದು, ಸೆಂಟಿಮೀಟರ್ ಯಾವುದು ಗೊತ್ತಾಗದೆ, ಮೊದಲು ನನ್ನ ಎದೆಯನ್ನು ನೂರ ಹನ್ನೆರಡು ಎಂದು ಕೂಗಿದ. ಜಗಲಿಯಲ್ಲಿದ್ದವರೆಲ್ಲ ಎದ್ದು ನೋಡಲು ಬಂದರು. ತಿದ್ದಿದ ಮೇಲೆ ಎದೆ ನಲವತ್ತನಾಲ್ಕು, ಸೊಂಟವೂ ಅದಕ್ಕೇ ಹತ್ತಿರ ಬಂದಿದೆ, ನಗಬೇಡ. ತೋಳು, ಭುಜ ಹಿಂದಿನಷ್ಟೇ. ಉದ್ದ ಒಂದಿಂಚು ಜಾಸ್ತಿ ಇಡು, ಹೊಟ್ಟೆ ಮೇಲೆ ಎಳೆಯುತ್ತದೆ. ಹಿಂದಿಗಿಂತ ನಡಿಗೆ ಜಾಸ್ತಿ ಮಾಡುತ್ತಿದ್ದೇನೆ, ಡಾಕ್ಟರಮ್ಮ ಊಟದ ಮೇಲೂ ಕಣ್ಣಿಟ್ಟಿದ್ದಾರೆ. ಆದರೆ ಅಂಗಿಯನ್ನು ಈಗ ಇರುವ ಮೈಗೆ ಹೊಲಿ, ಮುಂದೆ ಆಗುವ ಮೈಗಲ್ಲ.

ದನಿಗಳು ಪೂರ್ತಿ ಹೋಗಿಲ್ಲ. ಬೆಳಿಗ್ಗೆ ಒಮ್ಮೊಮ್ಮೆ ಬರುತ್ತವೆ. ಹೋಗದೆಯೂ ಇರಬಹುದು ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮಿಷನ್ನಿನ ಸದ್ದು ಇರುವ ಕಡೆ ಅವು ಅಷ್ಟಾಗಿ ಕೇಳುವುದಿಲ್ಲ ಅನ್ನಿಸುತ್ತದೆ. ನಮ್ಮ ಅಂಗಡಿಯಲ್ಲಿ ನೋಡಬೇಕು.

ಕುತ್ತಿಗೆ ಒಂದು ಉಳಿಯಿತು. ಕಂಡಕ್ಟರ್ ಟೇಪ್ ಹಿಡಿದು ಬಂದ, ನಾನು ಹಿಂದೆ ಸರಿದೆ. ಅವನೇನೂ ಅಂದುಕೊಳ್ಳಲಿಲ್ಲ. ಅವನು ಹೋದ ಮೇಲೆ ಕನ್ನಡಿಯ ಮುಂದೆ ನಿಂತು ನಾನೇ ಸುತ್ತಿಕೊಂಡು ನೋಡಿದೆ. ಎದೆ ಹೊಡೆದುಕೊಂಡಿತು, ಆದರೂ ಬಿಡಲಿಲ್ಲ. ಸಂಖ್ಯೆ ನೋಡಲು ತಲೆ ಬಗ್ಗಿಸಿದರೆ ಕುತ್ತಿಗೆ ದಪ್ಪವಾಗುತ್ತದೆ, ತಲೆ ಎತ್ತಿದರೆ ಸಂಖ್ಯೆ ಕಾಣುವುದಿಲ್ಲ. ಅಪ್ಪ ತಮ್ಮ ಅಂಗಿಗೂ ನಮ್ಮ ಕೈಯಲ್ಲೇ ಅಳತೆ ತೆಗೆಸುತ್ತಿದ್ದದ್ದು ಯಾಕೆ ಎಂದು ಗೊತ್ತಾಯಿತು.

ಭಾನುವಾರ ಊಟಕ್ಕೆ ಮೊದಲು ಮನೆಯವರನ್ನು ಒಳಗೆ ಬಿಡುತ್ತಾರೆ. ನೀನು ಬಾ. ಟೇಪ್ ಇಲ್ಲೇ ಇದೆ, ಬೇರೆ ತರಬೇಡ. ಎದುರಿಗೆ ನಿಂತು ಅಳತೆ ತೆಗೆ, ಹಿಂದಿನಿಂದ ಬೇಡ. ಒಳಗೆ ನಿನ್ನ ಎರಡು ಬೆರಳು ಇರಲಿ.

ಅಂಗಿಗೆ ಕಾಲರ್ ಇಡು.

ನಿನ್ನ ತಮ್ಮ